ವಾರ ಎಂದರೆ ಏಳು ದಿನವಲ್ಲ

ಹಳೆಯ ಪತ್ರಿಕೆಗಳಲ್ಲಿನ ಜಮೀನು, ಮನೆ ಮಾರಾಟದ ಜಾಹೀರಾತು ಓದುವುದು ನನಗೊಂದು ಚಟ. ನಾನು ವಿಜ್ಞಾನದ ಮೇಷ್ಟ್ರು, ಕನ್ನಡ ಪಂಡಿತನಲ್ಲ. ಆದರೂ ಟ್ರಂಕಿನ ತಳಕ್ಕೋ ಅಟ್ಟದ ಹಲಗೆಗೋ ಹಾಸಿದ ಹಳದಿ ಕಾಗದ ಸಿಕ್ಕಿತೆಂದರೆ ಕಣ್ಣು ಮೊದಲು ಹೋಗುವುದು 'ಮಾರಾಟಕ್ಕಿದೆ' ಎಂಬ ಚೌಕದ ಕಡೆಗೇ. ಅಲ್ಲಿರುವಷ್ಟು ಅರ್ಥವಾಗದ ಪದಗಳು ಸುದ್ದಿಯ ಪುಟಗಳಲ್ಲಿ ಇರುವುದಿಲ್ಲ.

ಅಳತೆಯ ಪಾಠ ನಡೆಯುತ್ತಿದ್ದಾಗ ಒಂಬತ್ತನೇ ತರಗತಿಯ ಮಕ್ಕಳಿಗೆ ಅಂಥ ಕಾಗದ ತರಲು ಹೇಳಿದ್ದೆ. ಹದಿನೈದು ಇಪ್ಪತ್ತು ಚೂರುಗಳು ಬಂದವು. ಮೊದಲನೆಯದರಲ್ಲೇ 'ಖುಷ್ಕಿ 2-20' ಎಂದಿತ್ತು. ಒಬ್ಬಳು ಎದ್ದು, "ಖುಷಿ ಇರಬೇಕು ಸಾರ್, ಅಚ್ಚಿನ ತಪ್ಪು" ಎಂದಳು. ಖುಷ್ಕಿ ಎಂದರೆ ಮಳೆಯನ್ನೇ ನಂಬಿದ ಒಣ ಬೇಸಾಯದ ಭೂಮಿ. ತರಿ ಎಂದರೆ ನೀರು ಹಾಯುವ ಗದ್ದೆ. ಬಾಗಾಯ್ತು ಎಂದರೆ ತೋಟ. ಮೂರೂ ಪರ್ಷಿಯನ್ ಮೂಲದವು. ನಮ್ಮ ರೈತರು ಉಳುವುದು ಕನ್ನಡದಲ್ಲಿ, ಅದರ ಲೆಕ್ಕ ಇಟ್ಟಿರುವುದು ಇನ್ನೊಂದು ಭಾಷೆಯಲ್ಲಿ!

ಪದಕ್ಕಿಂತ ಅಂಕಿಯೇ ಹೆಚ್ಚು ಮೋಸ ಮಾಡುತ್ತದೆ. 2-20 ಎಂಬುದನ್ನು ಇಡೀ ತರಗತಿ 2.20 ಎಂದೇ ಓದಿತು. ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಎರಡೂವರೆ ಎಕರೆ. ಕರಾವಳಿಯ ಜಾಹೀರಾತಿನಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಸೆಂಟ್ಸ್. ಎಕರೆಗೆ 100 ಸೆಂಟ್ಸ್. ಎರಡಕ್ಕೂ ವ್ಯತ್ಯಾಸ 12 ಗುಂಟೆ, ಅಂದರೆ 13,068 ಚದರ ಅಡಿ. 30-40ರ ಹತ್ತು ಸೈಟು ಮಾಡಿ ಇನ್ನೂ ಮಿಗುತ್ತದೆ. ಒಂದು ಗೆರೆ, ಒಂದು ಚುಕ್ಕೆ, ಅಷ್ಟೇ ವ್ಯತ್ಯಾಸ.

ಎಕರೆಗೆ ನಲವತ್ತೇ ಏಕೆ? ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಬಳಕೆಗೆ ತಂದ ಮೋಜಣಿ ಸರಪಳಿಯ ಉದ್ದ 66 ಅಡಿ. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಅರ್ಧ ಸರಪಳಿ, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ. ಒಂದು ಚದರ ಸರಪಳಿಯಲ್ಲಿ ನಾಲ್ಕು ಗುಂಟೆ, ಹತ್ತರಲ್ಲಿ ನಲವತ್ತು. ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿಸಿ ಒಂದು ಗುಂಟೆ ಗುರುತು ಮಾಡಿದೆವು. ಪುಸ್ತಕದಲ್ಲಿ ತಲೆಗೆ ಹೋಗದ್ದು ಅಲ್ಲಿ ಹತ್ತು ನಿಮಿಷದಲ್ಲಿ ಹೋಯಿತು.

'ಹಗೇವು ಸಹಿತ ತೊಟ್ಟಿಮನೆ' ಎಂಬ ಇನ್ನೊಂದು ಚೂರು ನನ್ನ ವಿಷಯಕ್ಕೇ ಬಂದು ಸೇರಿತು. ಹಗೇವು ಎಂದರೆ ನೆಲದೊಳಗಿನ ಧಾನ್ಯದ ಗುಂಡಿ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಬದುಕುವುದಿಲ್ಲ. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಬದುಕುವುದಿಲ್ಲ.

ಒಬ್ಬ ಹುಡುಗ ತಂದದ್ದು ಮಾತ್ರ ಹಾಸಿದ ಕಾಗದವಲ್ಲ. ಅವನ ತಾತ ಕತ್ತರಿಸಿ, ಮಡಿಸಿ, ಟ್ರಂಕಿನಲ್ಲಿ ಜೋಪಾನ ಮಾಡಿದ್ದ ತುಂಡು. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿ, ಕೊನೆಗೆ 'ಹಾಲಿ ವಾರಕ್ಕೆ ಕೊಡಲಾಗಿದೆ' ಎಂಬ ಸಾಲು. "ವಾರದ ಬಾಡಿಗೆಯಾ ಸಾರ್?" ಎಂದು ಕೇಳಿದ. ವಾರ ಎಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಇನ್ನೊಬ್ಬರ ಜಮೀನು ಉಳುವುದು ಎಂದೆ. ಮನೆಗೆ ಹೋಗಿ ಹೇಳಿರಬೇಕು. ಶನಿವಾರ ಅವನ ಅಜ್ಜಿಯೇ ಶಾಲೆಗೆ ಬಂದರು.

"ಮೇಷ್ಟ್ರೇ, ಆ ವಾರದೋರು ನಾವೇ" ಎಂದರು. ಓದು ಬಾರದ ಹೆಂಗಸು, ಚಕ್ಕುಬಂದಿಯನ್ನು ಬಾಯಲ್ಲೇ ಹೇಳಿದರು: ಮೂಡಲು ಕೆರೆ ಏರಿ, ಪಡುವಲು ಗಾಡಿ ದಾರಿ, ತೆಂಕಲು ಗುಡಿಯ ಮಾನ್ಯದ ಹೊಲ, ಬಡಗಲು ಹಳ್ಳ. ಹುಡುಗ ಚೂರನ್ನು ನೋಡುತ್ತ ತಾಳೆ ಹಾಕಿದ. ಒಂದೂ ತಪ್ಪಿರಲಿಲ್ಲ. ಕೊಂಡವರು ಸ್ವಂತ ಬೇಸಾಯ ಮಾಡುತ್ತೇವೆಂದು ಇವರನ್ನು ಬಿಡಿಸಿದ್ದು ಭೂಸುಧಾರಣೆಯ ತಿದ್ದುಪಡಿ ಬರುವುದಕ್ಕೆ ಮೊದಲು. ಆ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಆ ಹೊತ್ತಿಗೆ ಗೇಣಿಗೋ ವಾರಕ್ಕೋ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮೂಲಕ ಒಡೆತನ ಪಡೆಯಬಹುದಿತ್ತು. ಇವರ ಕೈಯಲ್ಲಿ ಆಗ ನೇಗಿಲು ಇರಲಿಲ್ಲ; ಸಂಸಾರ ಪಟ್ಟಣಕ್ಕೆ ಬಂದು ಕೂಲಿಗೆ ನಿಂತಿತ್ತು. ಎಲ್ಲೆಯ ಕೆರೆಗೂ ದಾರಿಗೂ ಜಾಹೀರಾತಿನಲ್ಲಿ ಜಾಗ ಸಿಕ್ಕಿತ್ತು. ಉಳುತ್ತಿದ್ದವರ ಹೆಸರಿಗೆ ಸಿಕ್ಕಿರಲಿಲ್ಲ.

ಪಹಣಿಯನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದಲ್ಲ, ಹುಡುಗ ಆ ಸರ್ವೆ ನಂಬರು ಹಾಕಿಸಿದ. ಜಮೀನು ನಾಲ್ಕು ಹಿಸ್ಸೆಗಳಾಗಿತ್ತು. ತಂದೆತಾಯಂದಿರು ಇಲ್ಲಿ ಒಂದು ಕಾಲಂ ಗಮನಿಸಬೇಕು. 'ಅ' ಖರಾಬು ಎಂದರೆ ಬಂಡೆ ಮುಂತಾದವು ಇದ್ದು ಸಾಗುವಳಿಗೆ ಬಾರದ್ದು. 'ಬ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಒಟ್ಟು ವಿಸ್ತೀರ್ಣ ನೋಡಿ ಮುಂಗಡ ಕೊಟ್ಟುಬಿಡುವವರು ಇದನ್ನು ಕಳೆದು ನೋಡುವುದೇ ಇಲ್ಲ.

ಯಾರ ಹೆಸರಿನಲ್ಲಿದೆ ಎಂದು ಅಜ್ಜಿ ಕೇಳಲಿಲ್ಲ. "ಹಳ್ಳ ಐತಾ?" ಎಂದಷ್ಟೇ ಕೇಳಿದರು. 'ಬ' ಖರಾಬಿನಲ್ಲಿ ಆರು ಗುಂಟೆ ಎಂದು ತೋರಿಸಿತ್ತು. ಕಾಗದದಲ್ಲಿ ಇದೆ ಎಂದೆ.