ನಾಳೆ ಯಾರು ಗೆಲ್ತಾರಣ್ಣ?

ರಾತ್ರಿ ಎಂಟೂವರೆ ದಾಟಿದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ‘ಅಣ್ಣ, ಟೈಸ್ ಬಂತಾ?’

ಟೈಸ್ ಅಂದರೆ ಯಾವ ಕಾಲೇಜು ಯಾವ ಕಾಲೇಜಿನ ಮೇಲೆ ಆಡಬೇಕು ಅನ್ನೋ ಪಟ್ಟಿ. ಅಂತರ ಕಾಲೇಜು ಕಬಡ್ಡಿಯ ಹಿಂದಿನ ಸಂಜೆ ಚೀಟಿ ಎತ್ತುತ್ತಾರೆ. ಯಾರೋ ಒಬ್ಬರು ಆ ಹಾಳೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಫೋಟೋ ಓರೆ ಇರುತ್ತೆ, ಮೂಲೆಯಲ್ಲಿ ಹೆಬ್ಬೆರಳು ಅಡ್ಡ ಬಂದಿರುತ್ತೆ. ಅದನ್ನು ದೊಡ್ಡದು ಮಾಡಿ ಓದಿ, ಒಂದೊಂದು ಪಂದ್ಯಕ್ಕೆ ನಾಲ್ಕೈದು ಸಾಲು ಬರೆಯೋದು ನಾನು ಮೈಮೇಲೆ ಹಾಕಿಕೊಂಡ ಕೆಲಸ. ಯಾರ ರೈಡರ್ ಹೇಗೆ, ಯಾರ ಕಾರ್ನರ್ ಗಟ್ಟಿ, ಯಾರು ಮೇಲುಗೈ ಆಗಬಹುದು. ಕೆಲವು ಸಲ ಚೀಟಿಯನ್ನು ಆಟದ ದಿನ ಬೆಳಿಗ್ಗೆಯೇ ಎತ್ತುತ್ತಾರೆ. ಆಗ ನನಗೆ ರಜೆ.

ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದ ವರ್ಷ ಇದು ಶುರುವಾಯಿತು. ಪಂದ್ಯ ಮುಗಿದ ಮಾರನೇ ದಿನ ಪೇಪರಿನಲ್ಲಿ ಸುದ್ದಿ ಬರುತ್ತಿತ್ತು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆ ಮೇಲೆ ಉಪಸ್ಥಿತರಿದ್ದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತಿತ್ತು. ಕೊನೆಗೆ ಒಂದು ಸಾಲು: ಇಂಥ ಕಾಲೇಜು ಪ್ರಥಮ, ಇಂಥದ್ದು ದ್ವಿತೀಯ. ಮೈ ಕೆರೆಸಿಕೊಂಡು ಆಡಿದ ಹುಡುಗರ ಒಂದು ಹೆಸರೂ ಇಲ್ಲ. ವಂದನಾರ್ಪಣೆ ಮಾಡಿದವರು ಒಬ್ಬರನ್ನಾದರೂ ಔಟ್ ಮಾಡಿದ್ದರಾ ಅಂತ ನನಗೆ ನಗು ಬರುತ್ತಿತ್ತು.

ಅದೇ ಹೊತ್ತಿಗೆ ಫೋನಿನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಓದುವ ಹುಚ್ಚು ಹಿಡಿದಿತ್ತು. ಅವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಥರ ಕಾಲಿನ ಆಟವಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡಬೇಕು, ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು. ನೋಡಿದರೆ ನಮ್ಮ ಕಬಡ್ಡಿಯ ದೂರದ ನೆಂಟನ ಹಾಗಿದೆ. ಅಲ್ಲಿ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಅನ್ನೋ ಸಂಸ್ಥೆ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಮೂರನೇ ಡಿವಿಷನ್ನಿನ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹುಡುಗರು ಓದಿಕೊಂಡು, ತಮ್ಮ ಖುಷಿಗೆ ಆಡುತ್ತಾರೆ. ಅಂಥ ಸಣ್ಣ ಕಾಲೇಜುಗಳ ಪಂದ್ಯಕ್ಕೂ ಶನಿವಾರಕ್ಕೆ ಮೊದಲು ಯಾರೋ ಒಬ್ಬರು ಕೂತು, ಈ ವಾರ ಯಾರ ಮೇಲೆ ಯಾರು, ಎಡಗಡೆ ಯಾರು ನಿಲ್ಲುತ್ತಾರೆ ಅಂತ ಪುಟಗಟ್ಟಲೆ ಬರೆಯುತ್ತಾರೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಕುರುಗೋಡಿನ ಕಡೆಯ ಹುಡುಗನ ಬಗ್ಗೆ, ಸಿರುಗುಪ್ಪದ ಕಡೆಯ ಹುಡುಗನ ಬಗ್ಗೆ ಹಾಗೆ ಬರೆದವರು ಯಾರಿದ್ದಾರೆ?

ಆದರೆ ನಮ್ಮಲ್ಲಿ ವಾರಾವಾರ ಪಂದ್ಯ ಇಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೆ ಸೇರಿದ ಕಾಲೇಜುಗಳ ಕಬಡ್ಡಿ ವರ್ಷಕ್ಕೊಂದು ಸಲ, ಒಂದೆರಡು ದಿನದಲ್ಲಿ ಮುಗಿಯುತ್ತೆ. ಸಾಮಾನ್ಯವಾಗಿ ನಾಕೌಟ್. ಸೋತರೆ ಬ್ಯಾಗು ಹೆಗಲಿಗೆ ಹಾಕಿ ಬಸ್ ಸ್ಟ್ಯಾಂಡಿಗೆ. ಪಂದ್ಯ ಅಂದರೆ 20 ನಿಮಿಷದ ಎರಡು ಅವಧಿ. ಅಂದರೆ ಎಷ್ಟೋ ಕಾಲೇಜು ತಂಡಗಳ ಇಡೀ ವರ್ಷದ ಆಯಸ್ಸು 40 ನಿಮಿಷ. ಆ 40 ನಿಮಿಷ ನೋಡಿಯೇ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ. ಆರಿಸಿದವರು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುತ್ತಾರೆ. ಅಲ್ಲಿ ಆಡಿದ ಸರ್ಟಿಫಿಕೇಟಿನ ಬೆಲೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿದವರಿಗೆ ಗೊತ್ತು.

ಉಳಿದ ಹೊತ್ತಿನಲ್ಲಿ ಜಾತ್ರೆ, ಉಗಾದಿ, ಗಣೇಶನ ಹಬ್ಬಕ್ಕೆ ಊರೂರಲ್ಲಿ ನಡೆಯೋ ಪಂದ್ಯಗಳಿವೆ. ಅವಕ್ಕೂ ಬರೆಯುತ್ತೇನೆ. ಇದರಿಂದ ಕೈ ತಪ್ಪದಂತೆ ಇರುತ್ತೆ.

ಬರೆಯೋದಕ್ಕೆ ಮೊದಲು ನೋಡಬೇಕು. ಮೋಕದ ಹುಡುಗರು ಸಂಜೆ ಹೊತ್ತು ಇಳಿಯೋ ಟೈಮಿಗೆ ಮಣ್ಣಿನ ಅಂಕಣಕ್ಕೆ ಬರುತ್ತಾರೆ. ಕೆಲವರು ಬಳ್ಳಾರಿಯ ಕಾಲೇಜಿನಿಂದ ಬಸ್ಸಿಳಿದು ನೇರ, ಕೆಲವರು ಮೆಣಸಿನಕಾಯಿ ಹೊಲದಿಂದ ನೇರ. ಮೆಣಸಿನಕಾಯಿ ಬಿಡಿಸಿ ಬಂದವನ ಕೈ ಎದುರಿನವನ ಕಣ್ಣಿಗೆ ತಾಗಿದರೆ ಅವತ್ತಿನ ಪ್ರಾಕ್ಟೀಸು ಅಲ್ಲಿಗೇ ಮುಗಿಯಿತು. ಇದು ತಮಾಷೆಗೆ ಹೇಳಿದ್ದಲ್ಲ, ಎರಡು ಸಲ ನೋಡಿದ್ದೇನೆ.

ಎಲ್ಲರೂ ರೈಡರನ್ನು ನೋಡುತ್ತಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 38–33ರಲ್ಲಿ ಫೈನಲ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ಆಮೇಲೆ ನಮ್ಮ ಕಡೆ ಎಲ್ಲ ಹುಡುಗರೂ ಹಾರೋದು ಕಲಿಯೋಕೆ ಹೋಗಿ ನಡು ಹಿಡಿದುಕೊಂಡು ಓಡಾಡಿದರು. ನಾನು ಮೊದಲು ನೋಡೋದು ಕಾರ್ನರುಗಳನ್ನು. ಎರಡು ರೈಡು ಖಾಲಿ ಹೋಗಿ ಮೂರನೇದು ಡೂ ಆರ್ ಡೈ ಬಂದಾಗ ರೈಡರ್ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಆ 30 ಸೆಕೆಂಡು ಕಾರ್ನರಿನವನು ದುಡುಕದೆ ನಿಂತರೆ ಆ ತಂಡ ದೂರ ಹೋಗುತ್ತೆ. ಆಮೇಲೆ ನೋಡೋದು ಮೂರೇ ಜನ ಉಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೋ ಇಲ್ಲವೋ ಅಂತ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಎಷ್ಟೋ ಪಂದ್ಯ ತಿರುಗೋದು ಅಲ್ಲೇ.

ಇನ್ನೊಂದು, ಮಣ್ಣು ಮತ್ತು ಮ್ಯಾಟ್. ನಮ್ಮ ಹುಡುಗರು ಕಲಿಯೋದು ಬರಿಗಾಲಲ್ಲಿ, ಮಣ್ಣಲ್ಲಿ. ದೊಡ್ಡ ಪಂದ್ಯ ನಡೆಯೋದು ಮ್ಯಾಟಿನ ಮೇಲೆ, ಶೂ ಹಾಕಿಕೊಂಡು. ಮಣ್ಣಲ್ಲಿ ತಿರುಗಿದರೆ ಕಾಲು ಸ್ವಲ್ಪ ಜಾರುತ್ತೆ. ಮ್ಯಾಟಿನಲ್ಲಿ ಶೂ ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ನಡುವೆ ಮೊಣಕಾಲು ಸಿಕ್ಕಿಕೊಳ್ಳುತ್ತೆ. ಕಬಡ್ಡಿ ಆಡುವವರ ಬಾಯಲ್ಲಿ ಎಸಿಎಲ್ ಅನ್ನೋ ಮಾತು ಬಂದರೆ ಎದುರಿಗಿದ್ದವರು ಸುಮ್ಮನಾಗಿಬಿಡುತ್ತಾರೆ.

ನಾನು ಹೇಳಬೇಕಾಗಿರೋದು ಒಂದು ಮೊಣಕಾಲಿನ ಕಥೆಯನ್ನೇ.

ಅವನು ನಮ್ಮ ಊರ ಕಡೆಯ ಹುಡುಗ. ಡಿಗ್ರಿ ಕೊನೆ ವರ್ಷ. ಅವನ ಕಾಲೇಜಿನ ಹೆಸರು ಬೇಡ, ಅವನ ಹೆಸರೂ ಬೇಡ. ಒಳ್ಳೆ ರೈಡರ್. ಓಟ ಜಾಸ್ತಿ ಇಲ್ಲ, ಆದರೆ ಬೋನಸ್ ಗೆರೆ ದಾಟಿ ಕಾಲಿಟ್ಟು ಬರುವುದರಲ್ಲಿ ಅವನಂಥವನನ್ನು ನಾನು ಈ ಭಾಗದಲ್ಲಿ ನೋಡಿಲ್ಲ. ಪಂದ್ಯಕ್ಕೆ ಹತ್ತು ದಿನ ಇದೆ ಅನ್ನುವಾಗ ಪ್ರಾಕ್ಟೀಸಿನಲ್ಲಿ ಬಲ ಮೊಣಕಾಲು ತಿರುಗಿಸಿಕೊಂಡ. ಐಸ್ ಇಟ್ಟ, ಕ್ರೇಪ್ ಬ್ಯಾಂಡೇಜ್ ಸುತ್ತಿದ, ಪ್ಯಾಂಟ್ ಮೇಲೆಳೆದುಕೊಂಡು ಓಡಾಡಿದ. ನಾನು ದಿನಾ ಸಂಜೆ ಅಲ್ಲೇ ಇದ್ದೆ. ನನಗೆ ಮುಚ್ಚಿಡಲಿಲ್ಲ. ಊರಿನವನು, ಅಣ್ಣ ಅಂತ ಕರೆಯೋನು, ನನಗ್ಯಾಕೆ ಮುಚ್ಚಿಡುತ್ತಾನೆ?

ಹಿಂದಿನ ರಾತ್ರಿ ಟೈಸ್ ಬಂತು. ಕೂತು ಬರೆದೆ. ಅವನ ಪಂದ್ಯದ ಬಗ್ಗೆ ಬರೆಯುವಾಗ ನನಗೆ ಭಾರೀ ಹುಮ್ಮಸ್ಸು. ‘ಬಲ ಮೊಣಕಾಲಿಗೆ ಪೆಟ್ಟಾಗಿರುವುದರಿಂದ ಇವನು ಬಲಕ್ಕೆ ಹೋದರೆ ಬೇಗ ತಿರುಗಲಾರ, ಎದುರಾಳಿಯ ಎಡ ಕಾರ್ನರ್ ಇದನ್ನು ಬಳಸಿಕೊಂಡರೆ ಪಂದ್ಯ ಬೇರೆಯಾಗಬಹುದು’ ಅಂತ ಬರೆದೆ. ಬರೆದು ಎರಡು ಸಲ ಓದಿಕೊಂಡೆ. ಟೀವಿಯಲ್ಲಿ ಮಾತಾಡುವ ಪರಿಣತರ ಥರ ಇದೆ ಅನ್ನಿಸಿತು. ಸತ್ಯ ಹೇಳಬೇಕೆಂದರೆ ಅವತ್ತು ರಾತ್ರಿ ಆ ಸಾಲಿನ ಬಗ್ಗೆ ಹೆಮ್ಮೆ ಪಟ್ಟುಕೊಂಡೇ ಮಲಗಿದೆ.

ಮಾರನೇ ದಿನ ಅವನ ಮೊದಲ ರೈಡ್. ಎದುರಿನ ಎಡ ಕಾರ್ನರ್ ಕಾಯಲೇ ಇಲ್ಲ. ನೇರ ಬಲಗಾಲಿನ ಹರಡಿಗೆ ಬಿದ್ದ. ಆಂಕಲ್ ಹೋಲ್ಡ್. ಎರಡನೇ ರೈಡಿಗೂ ಅದೇ. ಇವನು ಎಡಕ್ಕೆ ಹೋಗಿ ನೋಡಿದ, ಅಲ್ಲಿ ಕವರಿನವನು ತಳ್ಳಿ ತಳ್ಳಿ ಬಲಕ್ಕೇ ತಂದ. ಮೂರನೇ ಸಲ ಹಿಡಿದಾಗ ಕಾಲು ಒಂದು ಕಡೆ, ಮೈ ಒಂದು ಕಡೆ ಆಯಿತು. ಅವನು ಕೂಗಲಿಲ್ಲ. ಮ್ಯಾಟನ್ನು ಅಂಗೈಯಿಂದ ಎರಡು ಸಲ ತಟ್ಟಿದ. ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆದುಕೊಂಡು ಹೋದರು.

ಪಂದ್ಯ ಮುಗಿದ ಮೇಲೆ ಎದುರು ತಂಡದ ಕೋಚ್ ನನ್ನನ್ನು ಹುಡುಕಿಕೊಂಡು ಬಂದರು. ಖುಷಿಯಲ್ಲೇ ಕೈ ಕುಲುಕಿದರು. ‘ಚೆನ್ನಾಗಿ ಬರೀತೀರಿ ಸರ. ರಾತ್ರಿ ಊಟ ಆದ ಮೇಲೆ ನಮ್ಮ ಹುಡುಗರಿಗೆ ಕೂಡ್ರಿಸಿ ಓದಿ ಹೇಳಿದೆ.’ ಅವರಲ್ಲಿ ಯಾವ ಕೆಟ್ಟ ಬುದ್ಧಿಯೂ ಇರಲಿಲ್ಲ. ಕೋಚ್ ಮಾಡಬೇಕಾದ್ದನ್ನೇ ಮಾಡಿದ್ದರು. ನನಗೆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಆರಿಸಿದ ಹೆಸರುಗಳಲ್ಲಿ ಅವನ ಹೆಸರು ಇರಲಿಲ್ಲ. ಅದು ಅವನ ಕೊನೆ ವರ್ಷ.

ನಾಲ್ಕು ದಿನ ಅವನ ಮನೆ ಕಡೆ ಹೋಗಲಿಲ್ಲ. ಐದನೇ ದಿನ ಹೋದೆ. ಅವ್ವ ಹೊರಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ‘ಬಾರಪ್ಪ, ಒಳಗ ಮಲಗ್ಯಾನ’ ಅಂದರು, ಚಾ ಇಟ್ಟರು. ಅವರಿಗೆ ನಾನು ಬರೆದದ್ದು ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಆಗಲಿಲ್ಲ. ಒಳಗೆ ಅವನು ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಫೋನು ನೋಡುತ್ತಿದ್ದ.

‘ತಪ್ಪಾಯ್ತು ಕಣಪ್ಪ’ ಅಂದೆ.

‘ಸುಳ್ಳೇನು ಬರ್ದಿಲ್ಲಲ್ಲಣ್ಣ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಅವರು ಹೆಂಗೂ ಎರಡು ರೈಡ್‌ನಾಗ ಕಂಡುಹಿಡೀತಿದ್ರು. ನೀನು ಎರಡು ರೈಡ್ ಮೊದಲೇ ಹೇಳಿದಿ, ಅಷ್ಟ.’

ಬೈದಿದ್ದರೆ ಒಳ್ಳೇದಿತ್ತು. ಎರಡು ರೈಡಿನಲ್ಲಿ ಅವನು ಎರಡು ಬೋನಸ್ ತರುತ್ತಿದ್ದ. ನೋಡುವವರ ಕಣ್ಣಿಗೆ ಬೀಳೋಕೆ ಕೆಲವು ಸಲ ಅಷ್ಟೇ ಸಾಕು.

ಇದನ್ನು ಒಬ್ಬ ಗೆಳೆಯನ ಹತ್ತಿರ ಹೇಳಿದಾಗ ಅವನು ನನ್ನ ಪರವಾಗಿ ವಾದ ಮಾಡಿದ. ಪ್ರೊ ಕಬಡ್ಡಿಯಲ್ಲಿ ಯಾರಿಗೆ ಗಾಯ ಅಂತ ಎಲ್ಲರೂ ಹೇಳಲ್ವಾ? ಅಮೆರಿಕದಲ್ಲಿ ದೊಡ್ಡ ಕಾಲೇಜುಗಳ ಕೂಟವೊಂದು, ಬಿಗ್ ಟೆನ್ ಅಂತ, 2023ರಿಂದ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಯಾರು ಆಡಲ್ಲ ಅನ್ನೋ ಪಟ್ಟಿಯನ್ನು ತಾನೇ ಹೊರಡಿಸುತ್ತದಲ್ವಾ? ಹೌದು, ಹೊರಡಿಸುತ್ತದೆ. ಅಲ್ಲಿ ಬೆಟ್ಟಿಂಗ್ ಜೋರಾಗಿ, ಒಳಗಿನ ಸುದ್ದಿಗಾಗಿ ಹುಡುಗರ ಹಿಂದೆ ಜನ ಬೀಳುತ್ತಾರೆ ಅಂತ ಆ ನಿಯಮ ತಂದರು. ಆದರೆ ಆ ಹುಡುಗನ ಕಾಲಿಗೆ ಡಾಕ್ಟರ್ ಇದ್ದಾರೆ, ಮುಂದಿನ ಶನಿವಾರ ಇನ್ನೊಂದು ಪಂದ್ಯ ಇದೆ. ನಮ್ಮವನಿಗೆ ಕ್ರೇಪ್ ಬ್ಯಾಂಡೇಜ್ ಮತ್ತು 40 ನಿಮಿಷ. ಅಲ್ಲಿಯ ಅಳತೆ ತಂದು ಇಲ್ಲಿಗೆ ಹಾಕಿದ್ದು ನಾನು.

ಬೆಟ್ಟಿಂಗ್ ಇಲ್ಲಿಲ್ಲ ಅಂತಲೂ ಅಂದುಕೊಳ್ಳಬೇಡಿ. ಒಂದು ಸಲ ಊರ ಪಂದ್ಯದ ಹಿಂದಿನ ದಿನ ಪರಿಚಯವಿಲ್ಲದ ಒಬ್ಬರು ಹೋಟೆಲಿನಲ್ಲಿ ಎರಡು ಪ್ಲೇಟ್ ಒಗ್ಗರಣೆ, ಮಿರ್ಚಿ ತರಿಸಿ, ‘ನಾಳೆ ಯಾರ ಮೇಲೆ ಕಟ್ಟಬಹುದು?’ ಅಂದರು. ಮಿರ್ಚಿ ಬಿಟ್ಟು ಎದ್ದು ಬಂದೆ. ಒಂದು ತಿಂದಿದ್ದೆ, ಅದು ಬೇರೆ ಮಾತು.

ಆಮೇಲೆ ಸುಮಾರು ಆರು ತಿಂಗಳು ಬರೆಯಲಿಲ್ಲ. ಮತ್ತೆ ಬರೆಯುವ ಹಾಗೆ ಮಾಡಿದ್ದು ಹುಡುಗಿಯರ ತಂಡ. ಬಸ್ಸಿನಲ್ಲಿ ಸಿಕ್ಕ ಒಬ್ಬಳು, ‘ಗಂಡುಹುಡುಗರ ಬಗ್ಗೆ ಅಷ್ಟು ಬರೀತಿದ್ರಿ, ನಮ್ಮ ಮ್ಯಾಚಿಗೆ ಒಂದು ಸಾಲೂ ಬರೀಲಿಲ್ಲ. ಈಗಂತೂ ಯಾರಿಗೂ ಬರೆಯಲ್ಲ’ ಅಂದಳು. ನಿಜ. ಹುಡುಗಿಯರ ಪಂದ್ಯಕ್ಕೆ ಅಂಕಣ ಸ್ವಲ್ಪ ಚಿಕ್ಕದು, ಅವಧಿ 15 ನಿಮಿಷದ ಎರಡು. ನನ್ನ ಬರಹದಲ್ಲಿ ಅವರಿಗೆ ಅಷ್ಟೂ ಸಿಕ್ಕಿರಲಿಲ್ಲ. ಅವಳ ಪಂದ್ಯದ ಬಗ್ಗೆ ಬರೆದೆ. ತಂಡದಲ್ಲಿ ಒಬ್ಬಳು ಮಾತ್ರ ಹೆಸರು ಹಾಕಬೇಡಿ, ಮನೆಯಲ್ಲಿ ಆಡೋದು ಗೊತ್ತಿಲ್ಲ ಅಂದಳು. ‘ಎಡ ಕವರಿನ ಆಟಗಾರ್ತಿ’ ಅಂತಷ್ಟೇ ಬರೆದೆ. ಅವಳೇ ಅವತ್ತು ಆರು ಜನರನ್ನು ಹಿಡಿದಳು.

ಈಗ ಬರೆಯುವಾಗ ಒಂದು ಗೆರೆ ಹಾಕಿಕೊಂಡಿದ್ದೇನೆ. ಹತ್ತು ಜನ ನೋಡುವ ಪಂದ್ಯದಲ್ಲಿ ಕಂಡದ್ದನ್ನು ಬರೆಯುತ್ತೇನೆ. ಪ್ರಾಕ್ಟೀಸಿನಲ್ಲಿ, ಅವರ ಮನೆ ಜಗಲಿ ಮೇಲೆ, ಅಣ್ಣ ಅಂತ ನಂಬಿ ಹೇಳಿದ್ದನ್ನು ಅವರು ಒಪ್ಪದೆ ಬರೆಯಲ್ಲ. ಇದರಿಂದ ನನ್ನ ಅಂದಾಜು ಬಹಳ ಸಲ ತಪ್ಪುತ್ತೆ. ಗೊತ್ತಿದ್ದೂ ತಪ್ಪು ಹೇಳಿದ ಹಾಗಾಗುತ್ತೆ. ಓದುವವರು, ‘ನಿನಗೇನು ಗೊತ್ತಣ್ಣ ಕಬಡ್ಡಿ’ ಅಂತ ಬರೆದು ಕಳಿಸುತ್ತಾರೆ. ಓದುವವರಿಗೆ ನಾನು ಪೂರ್ತಿ ಹೇಳುತ್ತಿಲ್ಲವಲ್ಲ ಅನ್ನೋ ಕಿರಿಕಿರಿ ಹೋಗಿಲ್ಲ. ಅದಕ್ಕೆ ಮದ್ದು ಸಿಕ್ಕಿಲ್ಲ.

ಅವನು ಈಗ ಬಳ್ಳಾರಿಯಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕಾಲು ನಡೆಯೋಕೆ ಸರಿ, ಆಡೋಕೆ ಇಲ್ಲ. ಸಂಜೆ ಬಸ್ಸಿಗೆ ಬಂದು ಸಣ್ಣ ಹುಡುಗರಿಗೆ ಕಲಿಸುತ್ತಾನೆ. ಮೊದಲ ವಾರ ಕಲಿಸಿದ್ದು ಶೂ ಹಾಕಿಕೊಂಡು ತಿರುಗೋದು ಹೇಗೆ ಅಂತ. ಎಲ್ಲಿಂದಲೋ ಹಳೇ ಮ್ಯಾಟಿನ ನಾಲ್ಕು ತುಂಡು ತಂದು ಹಾಸಿದ್ದಾನೆ.

ಮೊನ್ನೆ ಪಕ್ಕದೂರಿನ ಪಂದ್ಯಕ್ಕೆ ಅವನ ಹುಡುಗರು ಹೊರಟಿದ್ದರು. ಹಿಂದಿನ ರಾತ್ರಿ ಅವನೇ ಫೋನ್ ಮಾಡಿದ.

‘ಅಣ್ಣ, ನಮ್ಮ ಹುಡುಗರ ಬಗ್ಗೆ ಬರೀತಿಯೇನು?’

‘ಬರೀತೀನಿ. ಏನು ಬರೀಲಿ, ನೀನೇ ಹೇಳು.’

‘ಎಡ ಕಾರ್ನರ್ ವೀಕ್ ಐತಿ ಅಂತ ಬರಿ.’

ಆ ಎಡ ಕಾರ್ನರ್ ಹುಡುಗನನ್ನು ನಾನು ನೋಡಿದ್ದೇನೆ. ಹಿಡಿದರೆ ಉಡದ ಹಿಡಿತ. ಈಗ ಪಂದ್ಯ ಮುಗಿದಿರೋದರಿಂದ ಹೇಳಬಹುದು.

‘ಲೇ, ಅದು ಸುಳ್ಳಲ್ಲೇನೋ?’ ಅಂದೆ.

‘ಹೌದಣ್ಣ’ ಅಂತ ನಕ್ಕ. ‘ನನಗ ಒಂದು ಬಾಕಿ ಐತಲ್ಲ ನಿನ್ನ ಕಡೆಯಿಂದ.’

ಎರಡು ತಾಸು ಫೋನು ಕೈಯಲ್ಲಿ ಹಿಡಿದುಕೊಂಡು ಕೂತೆ. ಕೊನೆಗೆ ರೈಡರುಗಳ ಬಗ್ಗೆ ಬರೆದೆ, ಬಲ ಕಾರ್ನರ್ ಬಗ್ಗೆ ಬರೆದೆ, ಎಡ ಕಾರ್ನರ್ ಅನ್ನೋ ಪದವನ್ನೇ ಬರೆಯಲಿಲ್ಲ. ಬೆಳಿಗ್ಗೆ ಅವನ ಮೆಸೇಜು ಬಂದಿತ್ತು, ಬರೀ ಒಂದು ನಗುವ ಮುಖ. ಹುಡುಗರು ಎರಡು ಪಾಯಿಂಟಿನಿಂದ ಸೋತು ಬಂದರು.