ಸ್ವಿಜರ್‌ಲ್ಯಾಂಡ್ ಅಂದಳು ಮಗಳು, ಔಲಿಗೆ ಹೊರಟೆವು ನಾವು

ನವೆಂಬರ್‌ನ ಒಂದು ಶನಿವಾರ. ಮಗಳ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಏಳುವಷ್ಟರಲ್ಲಿ ಕ್ಲಾಸ್ ಟೀಚರ್ ನಗುತ್ತಾ ಕೇಳಿದರು, “ಈ ಸಲ ಸ್ವಿಜರ್‌ಲ್ಯಾಂಡಿಗೆ ಹೋಗ್ತಿದ್ದೀರಂತೆ ಮೇಡಂ? ಸ್ಕೀಯಿಂಗ್ ಕಲಿಯೋಕೆ ಅಂತ ನಿಮ್ಮ ಮಗಳು ಕ್ಲಾಸಲ್ಲೆಲ್ಲ ಹೇಳಿದ್ದಾಳೆ!”

ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ನಿಂತಿದ್ದ ಹತ್ತು ವರ್ಷದ ಮಗಳು ನೆಲ ನೋಡುತ್ತಿದ್ದಳು. ನಾನು ಏನು ಹೇಳಿದೆ ಗೊತ್ತಾ? “ಹೂಂ, ನೋಡ್ಬೇಕು ಮೇಡಂ, ರಜೆ ಸಿಕ್ಕಿದ್ರೆ...” ಅಂತ. ಅವಳ ಸುಳ್ಳಿಗೆ ನನ್ನದೂ ಒಂದು ಸೇರಿಸಿ ಹೊರಗೆ ಬಂದೆ.

ರಾತ್ರಿ ಊಟದ ಮೇಲೆ ಕೇಳಿದೆ. ಅತ್ತುಬಿಟ್ಟಳು. “ಎಲ್ರೂ ದುಬೈ, ಸಿಂಗಾಪುರ ಅಂತಿದ್ರು ಅಮ್ಮ. ನಾವು ತಿಪಟೂರಿಗೆ ಹೋಗ್ತೀವಿ ಅಂದ್ರೆ ನಗ್ತಾರೆ.”

ನನ್ನ ಗಂಡನಿಗೆ ಕರುಳು ಚುರುಕ್ಕೆಂದಿತು. ಮಗಳು ಮಲಗಿದ ಮೇಲೆ ಮೊಬೈಲ್ ಹಿಡಿದು ಕೂತರು. ನಾಲ್ಕು ಜನಕ್ಕೆ ಯುರೋಪ್ ಪ್ಯಾಕೇಜ್ ಎಂಟು ಲಕ್ಷದ ಮೇಲೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸುಲಭ ಇಎಂಐ’. “ತಗೊಂಡ್ಬಿಡೋಣ ಕಣೇ. ತಿಂಗಳು ತಿಂಗಳು ಕಟ್ಕೊಂಡು ಹೋದ್ರಾಯ್ತು” ಅಂದರು.

ಹಿಂದಿನ ವರ್ಷ ಅವರ ಕಂಪನಿಯಲ್ಲಿ ಲೇಆಫ್ ಆಗಿ ಮೂರು ತಿಂಗಳು ಮನೆಯಲ್ಲಿದ್ದರು. ಆಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಸಾಲ ತೀರಿದ್ದು ಮೊನ್ನೆ ದಸರೆಗೆ. ಆ ಮೂರು ತಿಂಗಳೂ ಅವರು ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು, “ಅಪ್ಪನಿಗೆ ವರ್ಕ್ ಫ್ರಮ್ ಹೋಮ್” ಅಂತ ಮಗಳಿಗೆ ಹೇಳಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ದುಡ್ಡಿಲ್ಲ ಅನ್ನೋದನ್ನ ಮುಚ್ಚಿಡಬೇಕು ಅಂತ ಅವಳಿಗೆ ಕಲಿಸಿದ್ದು ಯಾರು ಅಂತ ಆ ರಾತ್ರಿ ನಮಗಿಬ್ಬರಿಗೂ ಅರ್ಥವಾಯಿತು.

ಮರುದಿನ ಭಾನುವಾರ. ಇಡ್ಲಿ ತಿಂದಾದ ಮೇಲೆ ಮೂವರೂ ಕೂತೆವು. ಲೇಆಫ್ ಕಥೆ, ಸಾಲದ ಕಥೆ ಎಲ್ಲ ಮಗಳಿಗೆ ಹೇಳಿದೆವು. ಜನವರಿಗೆ ನಮ್ಮ ಆರ್‌ಡಿ ಮುಗಿಯುತ್ತೆ, 90 ಸಾವಿರ ಬರುತ್ತೆ, ಅಷ್ಟರಲ್ಲಿ ಹಿಮ ನೋಡೋಕೆ ಆಗುತ್ತಾ ಅಂತ ಹುಡುಕೋಣ, ಸಾಲ ಮಾತ್ರ ಬೇಡ ಅಂದೆವು. ಅವಳ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, “ಲೆಕ್ಕ ನಿಂದು” ಅಂದೆ. ಕಣ್ಣೊರೆಸಿಕೊಂಡು ಮೊದಲ ಪುಟದಲ್ಲಿ ಬರೆದಳು: ಒಟ್ಟು 90,000.

ಹುಡುಕುತ್ತಾ ಹೋದಾಗ ಮೂರು ಹೆಸರು ಸಿಕ್ಕವು. ಕಾಶ್ಮೀರದ ಗುಲ್‌ಮಾರ್ಗ್, ಮನಾಲಿ ಹತ್ತಿರದ ಸೋಲಾಂಗ್ ಕಣಿವೆ, ಉತ್ತರಾಖಂಡದ ಔಲಿ. ಗುಲ್‌ಮಾರ್ಗ್‌ನಲ್ಲಿ ಹಿಮ ಹೆಚ್ಚು, ಗೊಂಡೋಲಾ ಇದೆ. ಆದರೆ ನಾವು ನೋಡಿದ ಹೋಟೆಲ್‌ಗಳೆಲ್ಲ ನಮ್ಮ ಕೈಗೆ ಮೀರಿದ್ದು. ಸೋಲಾಂಗ್‌ನಲ್ಲಿ ಜನಜಂಗುಳಿ, ಒಂದು ಗಂಟೆ ಜಾರಿ ಫೋಟೊ ತೆಗೆಸಿಕೊಂಡು ಬರೋ ಥರ ಅನ್ನಿಸಿತು. ಔಲಿಯಲ್ಲಿ 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟವೇ ನಡೆದಿತ್ತು. ಕಲಿಯುವವರಿಗೆ ಸಣ್ಣ ಇಳಿಜಾರುಗಳೂ ಇವೆ. ಗಢವಾಲ್ ಮಂಡಲ ವಿಕಾಸ ನಿಗಮ ಅಲ್ಲಿ 7 ಮತ್ತು 14 ದಿನದ ಕೋರ್ಸ್ ನಡೆಸುತ್ತದೆ. ನಮಗೆ ಅಷ್ಟು ರಜೆ ಇರಲಿಲ್ಲ. ದಿನದ ಲೆಕ್ಕದಲ್ಲಿ ಹೇಳಿಕೊಡುವ ಸ್ಥಳೀಯ ಹುಡುಗರು ಸಿಗುತ್ತಾರೆ ಅಂತ ಗೊತ್ತಾದ ಮೇಲೆ ಔಲಿ ಅಂತಲೇ ತೀರ್ಮಾನವಾಯಿತು. ಖರ್ಚು ಉಳಿಸೋಕೆ ಮೇಲೆ ಔಲಿಯಲ್ಲಿ ಇರದೆ, ಕೆಳಗೆ ಜೋಶಿಮಠದಲ್ಲಿ ಉಳಿದು ದಿನಾ ಜೀಪಿನಲ್ಲಿ ಹೋಗಿಬರೋದು ಅಂತ ಪ್ಲಾನ್.

‘ಜೋಶಿಮಠ’ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ತಲೆ ಎತ್ತಿದರು. “ಅದು ಶಂಕರಾಚಾರ್ಯರ ಜ್ಯೋತಿರ್ಮಠ ಅಲ್ವೇನೇ? ದಕ್ಷಿಣಕ್ಕೆ ಶೃಂಗೇರಿ, ಉತ್ತರಕ್ಕೆ ಅದು.”

“ಹೌದು ಅತ್ತೆ.”

ಅವರು ಮತ್ತೇನೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು ನನ್ನ ಕೈಗೆ ಪೋಸ್ಟ್ ಆಫೀಸಿನ ಪಾಸ್‌ಬುಕ್ ಇಟ್ಟರು. “ಇಪ್ಪತ್ತು ಸಾವಿರ ಇದೆ. ನಿಮ್ಮ ಲೆಕ್ಕ ಕೆಡಿಸಲ್ಲ, ನನ್ನನ್ನೂ ಕರ್ಕೊಂಡು ಹೋಗಿ. ಜಾರೋದು ನೀವು ಜಾರಿ, ನಾನು ಬಿಸಿಲಲ್ಲಿ ಕೂತಿರ್ತೀನಿ.” ಅವರಿಗೆ 64. ಬಿಪಿ ಮಾತ್ರೆ ನಡೀತಿದೆ. ಡಾಕ್ಟರ್ ಹತ್ತಿರ ತೋರಿಸಿ, ಹೋಗಬಹುದು ಅನ್ನಿಸಿಕೊಂಡ ಮೇಲೆ ಮಗಳು ಮೊದಲ ಪುಟದ ಅಂಕಿ ಹೊಡೆದು ಬರೆದಳು: 1,10,000.

ನಂತರದ ಒಂದು ತಿಂಗಳು ನಮ್ಮ ಮನೆಯಲ್ಲಿ ಹಣಕಾಸು ಇಲಾಖೆಯೇ ತೆರೆದುಕೊಂಡಿತ್ತು. ಹೋಗುವಾಗ ವಿಮಾನ ಬಿಟ್ಟು ಕರ್ನಾಟಕ ಎಕ್ಸ್‌ಪ್ರೆಸ್ ಅಂತ ಆಯ್ತು. ಸಂಜೆ ಹತ್ತಿದರೆ ಎರಡು ರಾತ್ರಿ ಕಳೆದು ಬೆಳಿಗ್ಗೆ ದೆಹಲಿ. ರೈಲಿಗೆ 60 ದಿನ ಮೊದಲೇ ಬುಕ್ ಮಾಡಬಹುದು, ಆ ದಿನ ಬೆಳಿಗ್ಗೆ ಎಂಟಕ್ಕೇ ಅಪ್ಪ, ಮಗಳು ಮೊಬೈಲ್ ಹಿಡಿದು ಸಿದ್ಧರಾಗಿದ್ದರು. ಬರುವಾಗ ಮಾತ್ರ ಡೆಹ್ರಾಡೂನ್‌ನಿಂದ ವಿಮಾನ. ಮಗಳ ಪುಸ್ತಕದಲ್ಲಿ ಹೀಗಿತ್ತು: ರೈಲು, ಬಸ್, ಟ್ಯಾಕ್ಸಿ, ಜೀಪು, ವಿಮಾನ ಎಲ್ಲ ಸೇರಿ 58,100. ಉಳಿಯೋಕೆ 11,800. ಸ್ಕೀ ಬಾಡಿಗೆ ಮತ್ತು ಕಲಿಸೋರಿಗೆ, ಮೂರು ಜನಕ್ಕೆ ಮೂರು ದಿನ, 13,500. ಬಟ್ಟೆಬರೆ 6,500. ಊಟ ತಿಂಡಿ 9,000. ‘ಏನಾದ್ರೂ ಆದ್ರೆ’ ಅಂತ 10,000. ಒಟ್ಟು 1,08,900.

ಬಟ್ಟೆಯ ಬಾಬ್ತಿನಲ್ಲೇ ನಾವು ಹೆಚ್ಚು ಉಳಿಸಿದ್ದು. ದಪ್ಪ ಜಾಕೆಟ್, ಪ್ಯಾಂಟು, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಕೊಂಡದ್ದು ಒಳಗಿನ ಥರ್ಮಲ್, ಉಣ್ಣೆಯ ಕಾಲುಚೀಲ, ನೀರು ಹೀರದ ಕೈಗವಸು ಇಷ್ಟೇ. ಕೈಗವಸಿನಲ್ಲಿ ಜಿಪುಣತನ ಮಾಡಬೇಡಿ, ಬಿದ್ದಾಗಲೆಲ್ಲ ಹಿಮಕ್ಕೆ ಊರೋದು ಕೈಯೇ. ಒಳಗಡೆ ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿ ಮೈ ತಣ್ಣಗಾಗುತ್ತದೆ. ಹಿಮದ ಮೇಲೆ ಬಿಸಿಲು ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ಹಾಗಾಗಿ ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್ ಬೇಕೇ ಬೇಕು. ಇನ್ನೊಂದು ವಿಷಯ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದರೆ ಅದರಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಕೇಳಿ. ಎಷ್ಟೋ ಪಾಲಿಸಿಗಳಲ್ಲಿ ಇಂಥ ಆಟಗಳನ್ನು ಬಿಟ್ಟಿರುತ್ತಾರೆ.

ಫೆಬ್ರವರಿಯಲ್ಲಿ ಶಾಲೆಗೆ ಆರು ದಿನದ ರಜಾ ಚೀಟಿ ಬರೆಯಬೇಕಿತ್ತು. ನಾನು ಅಭ್ಯಾಸಬಲದಿಂದ ‘ಫ್ಯಾಮಿಲಿ ಫಂಕ್ಷನ್’ ಅಂತ ಬರೆದೆ. ಹೆಗಲ ಹಿಂದಿನಿಂದ ಮಗಳು ಓದಿದಳು. “ಅಮ್ಮ, ಇದೂ ಸುಳ್ಳೇ ಅಲ್ವಾ?”

ಹರಿದುಹಾಕಿ ಬೇರೆ ಬರೆದೆ. ಉತ್ತರಾಖಂಡದ ಔಲಿಗೆ ಕುಟುಂಬದ ಪ್ರವಾಸ ಅಂತ. ಅದನ್ನು ಟೀಚರ್ ಕೈಗೆ ಕೊಡುವಾಗ ಏನು ಹೇಳಿದಳೋ, ಸಂಜೆ ಬಂದು “ಸ್ವಿಜರ್‌ಲ್ಯಾಂಡ್ ಕ್ಯಾನ್ಸಲ್ ಅಂತ ಎಲ್ರಿಗೂ ಹೇಳ್ದೆ. ಇಬ್ರು ನಕ್ರು, ಅಷ್ಟೇ” ಅಂದಳು. ಅವಳು ಅಂದುಕೊಂಡಷ್ಟು ಭಯಂಕರವಾಗೇನೂ ಇರಲಿಲ್ಲ.

ಋಷಿಕೇಶದಿಂದ ಜೋಶಿಮಠಕ್ಕೆ 250 ಕಿಲೋಮೀಟರ್ ಆಸುಪಾಸು. ನಮ್ಮ ಹೈವೇ ಲೆಕ್ಕ ಇಲ್ಲಿ ನಡೆಯಲ್ಲ, ಇಡೀ ದಿನ ಬೇಕು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಒಂದೊಂದೇ ಬರುತ್ತಿದ್ದ ಹಾಗೆ ಅತ್ತೆ ಕಿಟಕಿಯಿಂದಲೇ ಕೈಮುಗಿಯುತ್ತಿದ್ದರು. ಚಮೋಲಿ ದಾಟಿದ ಮೇಲೆ ಮಳೆ ಶುರುವಾಯಿತು. ಮುಂದೆ ಎಲ್ಲೋ ಕಲ್ಲು ಉರುಳಿ ರಸ್ತೆ ಬಂದ್ ಅಂತ ಸುದ್ದಿ. ಪೀಪಲ್‌ಕೋಟಿ ಅನ್ನೋ ಊರಲ್ಲಿ ರಾತ್ರಿ ಉಳಿಯಬೇಕಾಯಿತು. ಮೂರು ದಿನದ ಸ್ಕೀಯಿಂಗ್‌ನಲ್ಲಿ ಒಂದು ದಿನ ಹೋಯಿತಲ್ಲ ಅಂತ ನನ್ನ ಗಂಡ ಮುಖ ಸಪ್ಪೆ ಮಾಡಿಕೊಂಡರು. ಮಗಳು ‘ಏನಾದ್ರೂ ಆದ್ರೆ’ ಪುಟ ತೆಗೆದು ಲಾಡ್ಜಿನ ಬಾಡಿಗೆ ಬರೆದಳು. ಆಮೇಲೆ ಗೊತ್ತಾಯಿತು, ಕೆಳಗೆ ಮಳೆಯಾಗಿ ಸುರಿದದ್ದು ಮೇಲೆ ಔಲಿಯಲ್ಲಿ ಹಿಮವಾಗಿ ಬಿದ್ದಿತ್ತು. ಅದಕ್ಕೂ ಮುಂಚೆ ಕೆಳಗಿನ ಇಳಿಜಾರೆಲ್ಲ ಬರೀ ಒಣಹುಲ್ಲು ಇತ್ತಂತೆ. ಹಿಮ ಸಾಲದೆ ಅಲ್ಲಿ ರಾಷ್ಟ್ರೀಯ ಸ್ಪರ್ಧೆಗಳನ್ನೇ ಮುಂದೂಡಿದ್ದೂ ಉಂಟು. ಆದ್ದರಿಂದ ಹೋಗೋದಾದರೆ ಜನವರಿ ಕೊನೆ, ಫೆಬ್ರವರಿ ನೋಡಿಕೊಳ್ಳಿ. ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಜೋಶಿಮಠದಲ್ಲಿ ನಾವು ಇಳಿದದ್ದು ಒಂದು ಮನೆಯಲ್ಲೇ. ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಮನೆಯಾಕೆ ಶುಂಠಿ ಚಹಾ ತಂದುಕೊಟ್ಟರು. ಗೋಡೆಯ ಮೇಲೆ ಮೂಲೆಯಿಂದ ಮೂಲೆಗೆ ಸಿಮೆಂಟ್ ಮೆತ್ತಿದ ಗೆರೆ ಇತ್ತು. ಅತ್ತೆ ತಮ್ಮ ಹರುಕುಮುರುಕು ಹಿಂದಿಯಲ್ಲಿ ಏನದು ಅಂತ ಕೇಳಿದರು. 2023ರ ಜನವರಿಯಲ್ಲಿ ಊರಿಗೆ ಊರೇ ಕುಸಿಯತೊಡಗಿದಾಗ ಬಿಟ್ಟ ಬಿರುಕು ಅದು. ಆಗ ನೂರಾರು ಮನೆ ಬಿರುಕು ಬಿಟ್ಟಿದ್ದವು. ಜೋಶಿಮಠದಿಂದ ಔಲಿಗಿದ್ದ ರೋಪ್‌ವೇ ನಿಂತದ್ದೂ ಅದೇ ತಿಂಗಳು. ಅದರಲ್ಲಿ ಹೋಗೋಕೆ ಅಂತಲೇ ಬರುತ್ತಿದ್ದ ಜನ ಕಡಿಮೆಯಾದರು ಅಂದರು ಆಕೆ. ಮಗಳ ಪುಸ್ತಕದಲ್ಲಿ ಆ ದಿನದ ಪುಟಕ್ಕೆ ಮೊದಲೇ ಬರೆದಿಟ್ಟಿದ್ದಳು: ‘ರೂಮು, ಚೌಕಾಸಿ ಮಾಡಿದರೆ ಉಳಿತಾಯ 300’. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಎಲ್ಲ ಕೇಳಿಸಿಕೊಂಡಿದ್ದಳು. ಆಕೆ ಕೆಳಗೆ ಹೋದ ಮೇಲೆ ಪೆನ್ನು ತೆಗೆದು ಆ ಸಾಲು ಹೊಡೆದಳು. ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ನರಸಿಂಹ ದೇವಸ್ಥಾನಕ್ಕೆ ಹೋದೆವು. ಚಳಿಗಾಲಕ್ಕೆ ಬದರಿಯ ಬಾಗಿಲು ಮುಚ್ಚಿದಾಗ ಶಂಕರಾಚಾರ್ಯರ ಗದ್ದುಗೆ ಅಲ್ಲಿಗೆ ಬರುತ್ತದೆ. ಅತ್ತೆ ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಂತಿದ್ದರು.

ಮರುದಿನ ಔಲಿ. ಸ್ಕೀ ಬೂಟು ಅಂದರೆ ಕಾಲಿಗೆ ಸಿಮೆಂಟ್ ಹಾಕಿದ ಹಾಗೆ, ಪಾದ ಅಲುಗಾಡಲ್ಲ. ನಮಗೆ ಕಲಿಸಲು ಬಂದ ಹುಡುಗ ಮೊದಲ ಅರ್ಧ ಗಂಟೆ ಹೇಳಿಕೊಟ್ಟದ್ದು ಬೀಳೋದನ್ನ. ಹಿಂದಕ್ಕೆ ಬೀಳಬೇಡಿ, ಪಕ್ಕಕ್ಕೆ ಬೀಳಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎದ್ದ ಕೂಡಲೇ ಜಾರುತ್ತೀರಿ. ನಿಲ್ಲಬೇಕಾದರೆ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನದನ್ನು ಅಗಲಿಸಿ ಒತ್ತಬೇಕು. ಅದಕ್ಕೆ ಅವನ ಭಾಷೆಯಲ್ಲಿ ‘ಪಿಜ್ಜಾ’.

ಮಗಳು ಮಧ್ಯಾಹ್ನದ ಹೊತ್ತಿಗೆ ಪಿಜ್ಜಾ ಮಾಡಿ ನಿಂತಳು. ನನ್ನ ಗಂಡ ಪಿಜ್ಜಾ ಮಾಡಲು ಹೋಗಿ ಇನ್ಯಾರದೋ ಕುಟುಂಬದ ಫೋಟೊ ಒಳಗೆ ಹೋಗಿ ಬಿದ್ದರು. ಭಯದಿಂದ ಹಿಂದಕ್ಕೆ ವಾಲುತ್ತಾ ಬೀಳುತ್ತಿದ್ದವಳು ನಾನು. “ಅಮ್ಮ, ಮುಂದಕ್ಕೆ ಬಗ್ಗು! ಹೆದರ್ಕೊಂಡು ಹಿಂದೆ ಹೋದ್ರೆ ಜಾಸ್ತಿ ಬೀಳ್ತೀಯ!” ಅಂತ ಕೆಳಗಿಂದ ಕೂಗುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಹತ್ತು ಹನ್ನೆರಡು ಸೆಕೆಂಡು ಬೀಳದೆ ಜಾರಿದೆ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ ಬೆಳ್ಳಗೆ ಕೂತಿತ್ತು. ಚೇರ್‌ನಲ್ಲಿ ಶಾಲು ಹೊದ್ದು ಮ್ಯಾಗಿ ತಿನ್ನುತ್ತಿದ್ದ ಅತ್ತೆ ಚಪ್ಪಾಳೆ ತಟ್ಟಿದರು.

ಚೇರ್‌ಲಿಫ್ಟ್ ಹತ್ತೋಣವಾ ಅಂತ ಕೊನೆಯ ದಿನ ಕೇಳಿದೆ. ಮಗಳು ಪುಸ್ತಕ ನೋಡಿ, “ಬೇಡ, ಅಜ್ಜಿಗೆ ಹೋಗ್ತಾ ಕಾರಲ್ಲಿ ಸೊಂಟ ನೋವು ಬಂದಿತ್ತು. ಋಷಿಕೇಶದಲ್ಲಿ ಒಳ್ಳೆ ರೂಮ್ ಮಾಡೋಣ” ಅಂದಳು.

ಮನೆಗೆ ಬಂದ ಮೇಲೆ ಲೆಕ್ಕ ಮುಗಿಸಿದೆವು. ಉಳಿದದ್ದು 6,340 ರೂಪಾಯಿ. ಅತ್ತೆಗೆ ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲ. “ಉತ್ತರದ ಮಠ ಆಯ್ತು. ದಕ್ಷಿಣದ್ದು ಪಕ್ಕದಲ್ಲೇ ಇದೆ, ಎಲ್ಲರಿಗೂ ಬಸ್ಸಿಗೆ ಸಾಕು” ಅಂದರು. ಮಗಳು ಹೊಸ ಪುಟ ತಿರುಗಿಸಿ ‘ಶೃಂಗೇರಿ’ ಅಂತ ಬರೆದಳು.

ಹಿಂದಿನ ಪುಟದ ಕೊನೆಯಲ್ಲಿ ಅವಳ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ನಾನು ಆಮೇಲೆ ನೋಡಿದ್ದು: ‘ಅಮ್ಮ ಬಿದ್ದದ್ದು 31 ಸಲ. ಅಪ್ಪ 27. ನಾನು 14. ಖರ್ಚು ಇಲ್ಲ.’