ನೆಲವೂ ನೆಲೆಯೂ

ಹುಟ್ಟಿದ ಊರಿನಲ್ಲಿ ನೆಲಸುವುದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಅನ್ಯದೇಶದಲ್ಲಾದರೋ ನೆಲೆಯೆಂಬುದು ಬೇಡಿ ಪಡೆಯತಕ್ಕ ವಸ್ತು. ಕೆಲವೆಡೆ ಹಣ ತೆತ್ತು ಪಡೆಯತಕ್ಕ ವಸ್ತುವೂ ಹೌದು. ಹಾಗೆ ತೆತ್ತವರಿಗೆ ದೊರಕುವುದೇನೆಂಬುದನ್ನು ಕೊಪ್ಪದ ಸೀಮೆಯ ಗೃಹಸ್ಥರೊಬ್ಬರು ತಮ್ಮ ಇಳಿವಯಸ್ಸಿನಲ್ಲಿ ಅರಿಯಬೇಕಾಯಿತು.

ಅವರು ಕಾಫಿ ತೋಟದವರು. ಒಬ್ಬಳೇ ಮಗಳು ಅಮೇರಿಕದಲ್ಲಿ ಎಂಜಿನಿಯರು. ಎಚ್-1ಬಿ ಎಂಬ ಪರವಾನಗಿಯ ಮೇಲೆ ಅಲ್ಲಿದ್ದಳು. ಉದ್ಯೋಗವಿರುವ ತನಕ ವಾಸ. ಅದು ತಪ್ಪಿದರೆ ಹೆಚ್ಚೆಂದರೆ 60 ದಿನಗಳ ಗಡುವು. ಉದ್ಯೋಗದ ಮೂಲಕ ಶಾಶ್ವತ ನಿವಾಸವನ್ನು ಬೇಡುವವರಲ್ಲಿ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ನೂರಕ್ಕೆ 7ರ ಪಾಲು ಮಾತ್ರ ಸಲ್ಲುವುದರಿಂದ ಭಾರತೀಯರ ಸಾಲು ಬಹು ದೀರ್ಘವಾದುದು. ಆ ಸಾಲಿನಲ್ಲಿ ನಿಂತು ಬೇಸತ್ತ ಮಗಳು ಒಂದು ರಾತ್ರಿ ದೂರವಾಣಿಯಲ್ಲಿ, “ಅಪ್ಪಯ್ಯ, ಇನ್ನೊಂದು ದಾರಿಯಿದೆ, ಆದರೆ ಕೇಳುವುದಕ್ಕೆ ನಾಲಗೆ ಏಳುವುದಿಲ್ಲ” ಎಂದಳು.

ಆ ದಾರಿಯು 1990ರ ವಲಸೆ ಕಾನೂನಿನಿಂದ ಹುಟ್ಟಿದುದು, ಇ.ಬಿ.-5 ಎಂದು ಅದರ ಹೆಸರು. ಹೊರಗಿನವರು ಅಲ್ಲಿಯ ಉದ್ಯಮದಲ್ಲಿ ಹಣ ಹೂಡಿ, ಅಲ್ಲಿಯ 10 ಮಂದಿಗೆ ಪೂರ್ಣಕಾಲದ ಕೆಲಸವನ್ನು ಕಲ್ಪಿಸಿದರೆ ನಿವಾಸಕ್ಕೆ ಅರ್ಹರಾಗುವರು. 2022ರ ಮಾರ್ಚಿಯ ಕಾನೂನು ಹೂಡಿಕೆಯ ಮೊತ್ತವನ್ನು 10,50,000 ಡಾಲರುಗಳಿಗೂ, ಹಳ್ಳಿಗಾಡು, ನಿರುದ್ಯೋಗ ಹೆಚ್ಚಿದ ಪ್ರದೇಶ ಮುಂತಾದೆಡೆಗಳಲ್ಲಿ 8,00,000 ಡಾಲರುಗಳಿಗೂ ಏರಿಸಿತು. ಈ ಕಡಿಮೆಯ ಮೊತ್ತವೇ ನಮ್ಮ ನಾಣ್ಯದಲ್ಲಿ ಏಳು ಕೋಟಿ ರೂಪಾಯಿಗಳ ಆಸುಪಾಸು.

ತೋಟದ ಬಹುಭಾಗ ಮಾರಾಟವಾಯಿತು. ತೊಡಕು ಮೊದಲಾದುದು ಆಮೇಲೆ. ಹಣವಿದ್ದರೆ ಸಾಲದು, ಅದರ ವಂಶಾವಳಿಯನ್ನೂ ಒಪ್ಪಿಸಬೇಕು. ತಂದೆ ಮಗಳಿಗೆ ದಾನವಾಗಿ ಕೊಟ್ಟ ಹಣವಾದರೂ ತಂದೆಗೆ ಅದು ನ್ಯಾಯವಾಗಿ ಬಂದುದೆಂದು ರುಜುಪಡಿಸಬೇಕು. ಬೇಸಾಯದ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ ತೆರಿಗೆಯ ಕಾಗದಗಳು ಪೂರ್ಣಸಾಕ್ಷಿಯಾಗಲಾರವು. ಅಜ್ಜನ ಕಾಲದ ವಿಭಾಗಪತ್ರ, ಪಹಣಿ, ಕ್ರಯಪತ್ರ, ಕಾಫಿ ಮಾರಿದ ಲೆಕ್ಕ, ಇವೆಲ್ಲವೂ ಇಂಗ್ಲಿಷಿಗೆ ತರ್ಜುಮೆಯಾಗಿ ಸಮುದ್ರ ದಾಟಿದವು. ಭಾರತದಿಂದ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳಿಗಿಂತ ಹೆಚ್ಚನ್ನು ಹೀಗೆ ಹೊರಕ್ಕೆ ಕಳುಹಿಸುವಂತಿಲ್ಲ. ಆದುದರಿಂದ ದಂಪತಿಗಳು ಮಾರ್ಚಿ ಮುಗಿಯುವ ಮುನ್ನ ತಮ್ಮ ತಮ್ಮ ಪಾಲನ್ನು ಕಳುಹಿಸಿ, ಮಿಕ್ಕ ಮೂರು ಲಕ್ಷಕ್ಕೆ ಏಪ್ರಿಲು ಬರುವ ತನಕ ಕಾದರು.

ಇಷ್ಟೆಲ್ಲ ಆದರೂ ಹೂಡಿದ ಹಣ ಮರಳಿಯೇ ಬರುವುದೆಂದು ಯಾರೂ ಮಾತು ಕೊಡುವಂತಿಲ್ಲ. ಹಣವು ನಷ್ಟದ ಸಂಭವಕ್ಕೆ ಒಡ್ಡಿದುದಾಗಿರಬೇಕೆಂದೇ ಕಟ್ಟಳೆ. ಮೊದಲು ದೊರೆಯುವ ನಿವಾಸವೂ ಎರಡು ವರ್ಷಗಳ ಷರತ್ತಿನದು. ಹತ್ತು ಕೆಲಸಗಳ ಲೆಕ್ಕ ಒಪ್ಪಿಗೆಯಾದ ಮೇಲಷ್ಟೇ ಷರತ್ತು ಕಳಚುವುದು. ಇಂತಹ ಬಾಗಿಲುಗಳು ಎಂದೆಂದೂ ತೆರೆದಿರುವುವೆಂಬ ನೆಚ್ಚಿಕೆಯೂ ಇಲ್ಲ. ಕೆನಡವು 1986ರಲ್ಲಿ ತೆರೆದುದನ್ನು 2014ರಲ್ಲಿ ರದ್ದುಮಾಡಿತು. ಬ್ರಿಟನ್ನು 2022ರ ಫೆಬ್ರವರಿಯಲ್ಲಿಯೂ, ಸ್ಪೇನು 2025ರ ಏಪ್ರಿಲಿನಲ್ಲಿಯೂ ತಮ್ಮ ತಮ್ಮ ಬಾಗಿಲುಗಳನ್ನು ಮುಚ್ಚಿದವು. ಧನಿಕರನ್ನು ಕರೆದ ಸರಕಾರವೇ ಮನೆಗಳ ಬೆಲೆಯೇರಿತೆಂದೋ, ಕಳಂಕದ ಹಣ ನುಸುಳಿತೆಂದೋ ಮನಸ್ಸು ಬದಲಿಸುವುದು ಸಹಜವೇ.

ಮಗಳಿಗೆ ಷರತ್ತಿನ ನಿವಾಸ ದೊರೆಯಿತು. ಸುದ್ದಿ ತಿಳಿಸುವಾಗ ಅವಳ ಕಂಠ ಬಿಗಿಯಿತು: “ಅಪ್ಪಯ್ಯ, ತೋಟ ಹೋಯಿತಲ್ಲ.”

ತಂದೆ ಕೊಂಚ ಹೊತ್ತು ಸುಮ್ಮನಿದ್ದರು. “ಅದು ನಿನಗಾಗಿಯೇ ಇದ್ದುದು, ಮಗೂ. ಕೆಲಸ ಹೋದರೆ ಅರುವತ್ತು ದಿನವೆಂದು ಎಣಿಸುತ್ತ ಮಲಗುತ್ತಿದ್ದೆಯಲ್ಲ, ಅದು ತಪ್ಪಿತು. ಅಷ್ಟು ಸಾಕು.”

ಹಣದಿಂದ ಅವರು ಕೊಂಡುದು ದೇಶವನ್ನಲ್ಲ, ನಿರ್ಭಯವಾದ ನಿದ್ರೆಯನ್ನು. ಅದಾದರೂ ಸದ್ಯಕ್ಕೆ ಎರಡು ವರ್ಷಗಳ ವಾಯಿದೆಯದು. ಮಾರಿದ ತೋಟದ ಬೇಲಿಯಾಚೆ ಈಗ ಬೇರೆಯವರ ಆಳುಗಳು ಕಾಫಿ ಕೊಯ್ಯುವರು. ತಂದೆ ಜಗಲಿಯಲ್ಲಿ ಕುಳಿತು ಷರತ್ತು ಕಳಚುವ ತಿಂಗಳನ್ನು ಲೆಕ್ಕ ಹಾಕುವರು. ದಿನ ಎಣಿಸುವ ಕಷ್ಟ ಆ ಮನೆಯಿಂದ ತೊಲಗಲಿಲ್ಲ. ಮಗಳ ಪಾಲಿನದನ್ನು ತಂದೆ ವಹಿಸಿಕೊಂಡರು, ಅಷ್ಟೆ.